ದೋಣಿ ಕೇಳಿ ಬಂದವರು

ಬಾರಸ್ಟಾ, ಲೂಯಿಸ್ ದ್ವೀಪ
2 ನವೆಂಬರ್ 1954

ದಕ್ಷಿಣ ಸಮುದ್ರದ ಸಕಲ ತಿಮಿಂಗಿಲಗಳಿಗೂ ದುಃಸ್ವಪ್ನವಾದ, ಬಾರಸ್ಟಾ ಒಂಬತ್ತನೇ ನಂಬರ್ ಮನೆಯ ಯಜಮಾನರಾದ ಶ್ರೀಮಾನ್ ಫಿನ್ಲೇ ಮೆಕೈವರ್ ಅವರ ಸನ್ನಿಧಾನಕ್ಕೆ ಕಿರಿಯ ಮಗಳು ಎಫಿ ಮಾಡುವ ವಿಜ್ಞಾಪನೆ ಏನೆಂದರೆ:

ಹಸು ಕ್ಷೇಮ. ಇಶ್ಬೆಲ್ ಅತ್ತೆ ಕ್ಷೇಮ. ನಾಯಿ, ಪಾದ್ರಿಗಳ ಪ್ಯಾಂಟಿನ ಅಂಚು ಕಚ್ಚಿ ಎಳೆದ ಮೇಲೆ ಇನ್ನೂ ಹೆಚ್ಚು ಕ್ಷೇಮ. ಮುರ್ಡೀನಾಗೆ ಮದುವೆ.

ಕೊನೇ ಸಾಲನ್ನು ಇನ್ನೊಮ್ಮೆ ಓದು ಅಪ್ಪ, ನಾನು ಕಾಯುತ್ತೇನೆ.

ಹುಡುಗ ಬ್ರಾಡನಿಶ್ ಊರಿನ ಟೊರ್ಮೋಡ್. ನಿನಗೆ ಗೊತ್ತಿರುವವನೇ, ಉಪ್ಪು ಹೆಕ್ಟರನ ತಂಗಿಯ ಮಗ. ಕಿವಿ ದೊಡ್ಡದು, ಮಾತು ಸಣ್ಣದು. ಕಳೆದ ಗುರುವಾರ ಮನೆಯವರನ್ನು ಕೇಳುವುದಕ್ಕೆಂದು ಬಂದ. ಬಂದವನು ಒಂದೂವರೆ ಗಂಟೆ ಆಲೂಗಡ್ಡೆ ಬಗ್ಗೆ ಮಾತಾಡಿದ. ಈ ವರ್ಷದ ಆಲೂಗಡ್ಡೆ, ಹೋದ ವರ್ಷದ ಆಲೂಗಡ್ಡೆ, ಕೊಳೆತ ಆಲೂಗಡ್ಡೆ. ಮುರ್ಡೀನಾ ಒಲೆ ಕಡೆ ತಿರುಗಿ ಕಣ್ಣಲ್ಲಿ ನೀರು ಬರುವಷ್ಟು ನಗು ತಡೆದುಕೊಂಡು ಕೂತಿದ್ದಳು. ಕೊನೆಗೆ ಅತ್ತೆ ಹೆಣಿಗೆ ಕೆಳಗಿಟ್ಟು, "ತಮ್ಮಾ, ಆಲೂಗಡ್ಡೆನೇ ಮದುವೆ ಮಾಡ್ಕೊಳ್ಳೋ ಯೋಚನೆ ಇದ್ರೆ ಹೊಲ ಆ ಕಡೆ ಇದೆ. ಹುಡುಗೀನ ಕೇಳೋದಿದ್ರೆ ಈಗ ಕೇಳು, ನನಗೆ ಹಾಲು ಕರೆಯೋಕೆ ಹೋಗ್ಬೇಕು" ಅಂದರು. ಅವನು ಕೇಳಿದ. ಅತ್ತೆ ನಿನ್ನ ಪರವಾಗಿ ಒಪ್ಪಿದರು. ಮನೆಯವರಷ್ಟೇ ಕೂತು ಹೆಣ್ಣು ಕೇಳುವ ಶಾಸ್ತ್ರ, ಸಣ್ಣ ರೇಚಖ್, ಅಲ್ಲಿಗೆ ಮುಗಿಯಿತು.

ಮದುವೆ ಜೂನ್‌ನಲ್ಲಿ, ನೀನು ಬಂದ ಮೇಲೆ. ಆದರೆ ದೊಡ್ಡ ರೇಚಖ್ ಅಷ್ಟು ದಿನ ಕಾಯುವಂತಿಲ್ಲ. ಟೊರ್ಮೋಡ್ ಫೆಬ್ರವರಿ ಕೊನೆಗೆ ಹಡಗು ಹತ್ತುತ್ತಾನೆ, ತಿರುಗಿ ಬರುವುದು ಮದುವೆ ಹೊತ್ತಿಗೇ. ಹಾಗಾಗಿ ಫೆಬ್ರವರಿ ಹನ್ನೊಂದು, ಶುಕ್ರವಾರ, ನಮ್ಮ ಮನೆಯಲ್ಲೇ, ಎರಡೂ ಊರಿನವರ ಎದುರು.

ಅವರ ಕಡೆಯಿಂದ ಮಾತಾಡುವವರು ಬೇರೆ ಯಾರು, ಹೆಕ್ಟರ್ ಮಾವನೇ. ಅವರು ಈಗಾಗಲೇ ಒಲೆ ಉರಿಸುವ ಪೀಟ್ ಮಣ್ಣು ಹೇರಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಸಾರಿಕೊಂಡು ಹೋಗಿದ್ದಾರೆ: "ಫಿನ್ಲೇ ಊರಲ್ಲಿಲ್ಲ. ಆ ಮನೇಲಿ ನನ್ನ ಎದುರು ನಿಂತು ಮಾತಾಡೋರ್ಯಾರು? ಕೋಳಿನಾ?"

ಇದು ನಗುವ ವಿಷಯ ಅಲ್ಲ ಅಪ್ಪ. ಐದನೇ ನಂಬರ್ ಮನೆಯ ಸೋದರಮಾವ ರೇಚಖ್ ನಡುವೆ ಮಾತು ಮರೆತು ನಿಂತದ್ದು ನಾನು ಹುಟ್ಟುವ ಮೊದಲು. ಇವತ್ತಿಗೂ ಅದು ಮೂಕರ ಮನೆ. ಅವರ ಬೆಕ್ಕು ಕೂಡ ಮೂಕರ ಮನೆ ಬೆಕ್ಕು. ನಮ್ಮ ಮನೆಯಲ್ಲಿ ನಾಯಿ ಬಿಟ್ಟರೆ ಗಂಡಸರಿಲ್ಲ. ನೆರೆಮನೆಯಿಂದ ಯಾರನ್ನಾದರೂ ಕರೆಯೋಣ ಅಂತ ಮುರ್ಡೀನಾ ಅಂದಳು. ಅತ್ತೆ, "ಎದ್ದಾಗಿಂದ ಮಲಗೋವರೆಗೂ ಬಾಯಿ ಮುಚ್ಚದ ಹುಡುಗಿ ಮನೇಲಿರುವಾಗ ಮಾತನ್ನ ಎರವಲು ಯಾಕೆ ತರೋದು?" ಅಂದರು.

ಹೀಗೆ, ಹದಿನೆಂಟನೇ ವಯಸ್ಸಿನಲ್ಲಿ, ಈ ಪ್ಯಾರಿಷ್‌ನಲ್ಲಿ ಯಾವ ಹೆಣ್ಣಿಗೂ ಸಿಗದ ಸಿಂಹಾಸನ ನಿನ್ನ ಮಗಳಿಗೆ ಸಿಕ್ಕಿದೆ.

ನನಗೆ ಗೊತ್ತಿರುವ ಕ್ರಮ ಇಷ್ಟು, ತಪ್ಪಿದ್ದರೆ ತಿದ್ದು. ಹೆಕ್ಟರ್ ಮಾವ ಬಾಗಿಲಲ್ಲಿ ನಿಂತು, ಮದುವೆ ಅನ್ನುವ ಮಾತನ್ನೇ ಎತ್ತದೆ, "ನಮ್ಮ ಹುಡುಗನಿಗೆ ಒಂದು ಕುರಿಮರಿ ಬೇಕಿತ್ತು" ಅನ್ನುತ್ತಾರೆ. ಅವರದು ಯಾವಾಗಲೂ ಕುರಿಮರಿಯೇ, ಮೂವತ್ತು ವರ್ಷದಿಂದ. ನಾನು ಒಂದಾದ ಮೇಲೆ ಒಂದು ಹುಸಿ ಮದುಮಗಳನ್ನು ಕರೆದು ಕೂರಿಸಬೇಕು. ಅವರು ಒಬ್ಬೊಬ್ಬಳನ್ನೂ ಹೊಗಳಿ, ಆದರೂ ನಾವು ಹುಡುಕುತ್ತಿರುವ ಮರಿ ಇದಲ್ಲ ಅನ್ನಬೇಕು. ಕೊನೆಯಲ್ಲಿ ಮುರ್ಡೀನಾ.

ಕುರಿ, ಉಣ್ಣೆ, ಹಲ್ಲು, ಮೇವು ಇವುಗಳ ಬಗ್ಗೆ ಹನ್ನೊಂದು ಪುಟ ಬರೆದುಕೊಂಡಿದ್ದೇನೆ. ನಿಜವಾದ ಕುರಿಯೊಂದಕ್ಕೆ ಸ್ನಾನ ಮಾಡಿಸಿ, ರಿಬ್ಬನ್ ಕಟ್ಟಿ ಒಳಗೆ ಬಿಡುವುದು ನನ್ನ ಗುಪ್ತ ಯೋಜನೆ. ತಿಮಿಂಗಿಲಗಳಿಗೂ ಹೇಳಬೇಡ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಲಿಲ್ಲ. ಹುಸಿ ಮದುಮಗಳ ಪಟ್ಟಿ ಓದುತ್ತಿದ್ದೆ. ಮೊದಲನೆಯವರು ಇಶ್ಬೆಲ್ ಅತ್ತೆ, ಮನೆಯಲ್ಲಿ ವಯಸ್ಸಾದವರನ್ನು ಮೊದಲು ಕೂರಿಸುವುದು ಪದ್ಧತಿ ತಾನೇ, ಅಂದೆ. ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ಹಾಲು ಕರೆಯುವುದಕ್ಕೆ ಅಂದರು. ಅದಾಗಲೇ ಕರೆದಾಗಿತ್ತು. ಅರ್ಧ ಗಂಟೆ ಬಿಟ್ಟು ಖಾಲಿ ಬಕೆಟ್ ಹಿಡಿದು ಬಂದರು.

ನಿನ್ನ ಕಾಲದಲ್ಲಿ ಫಿನ್ಲೇ ಬಾಯಿ ತೆರೆದರೆ ಬಂಡೆಗೂ ಕಡಲಹಕ್ಕಿಗೂ ಮದುವೆ ಮಾಡಿಸುತ್ತಿದ್ದ ಅಂತ ಊರೆಲ್ಲ ಹೇಳುತ್ತದೆ. ನಾನು ಒಂದು ದಿನವೂ ನೋಡಿಲ್ಲ. ಯಾಕೆ ಬಿಟ್ಟೆ? ಮತ್ತೆ, ನಾನು ಏನು ಹೇಳಬೇಕು ಅಂತ ಅಕ್ಷರ ಬಿಡದೆ ಬರೆದು ಕಳಿಸು.

ಇಂತಿ, ಸಿಂಹಾಸನದ ತುದಿಯಲ್ಲಿ ಕುಳಿತಿರುವ,
ಎಫಿ

*

ದಕ್ಷಿಣ ಜಾರ್ಜಿಯಾ
14 ಡಿಸೆಂಬರ್ 1954

ಎಫಿ,

ನಿನ್ನ ಕಾಗದ ತಂದ ಹಡಗು ನಾಳೆ ಬೆಳಿಗ್ಗೆ ವಾಪಸು ಹೊರಡುತ್ತದೆ. ಕುದಿಯುವ ತಿಮಿಂಗಿಲದ ಕೊಬ್ಬಿನ ನಾತ ಈ ಕಾಗದಕ್ಕೂ ಹತ್ತಿರುತ್ತದೆ, ಮೂಗು ಮುಚ್ಚಿಕೊಂಡು ಓದು. ಇಲ್ಲಿ ಈಗ ಬೇಸಿಗೆ. ಬೇಸಿಗೆ ಅಂದರೆ ಹಿಮ ಅಡ್ಡಡ್ಡ ಬೀಳುವುದಿಲ್ಲ, ನೇರ ಬೀಳುತ್ತದೆ.

ಮುರ್ಡೀನಾಗೆ ಹೇಳು, ನನಗೆ ಸಂತೋಷವಾಗಿದೆ ಅಂತ. ಟೊರ್ಮೋಡ್ ಒಳ್ಳೆಯವನು. ಅವನ ಅಪ್ಪನೂ ಆಲೂಗಡ್ಡೆ ಬಗ್ಗೆಯೇ ಮಾತಾಡುತ್ತಿದ್ದ.

ಮಾತು ಬರೆದು ಕಳಿಸುವುದಿಲ್ಲ. ನಿನ್ನ ಬಾಯಿ ನಿನ್ನದು. ಒಂದು ಸಂಗತಿ ಮಾತ್ರ ತಿಳಿದಿರು. ಹುಸಿ ಮದುಮಗಳು ಹುಸಿ ಹೆಂಗಸಲ್ಲ. ಅವಳನ್ನು ಬೇಡ ಅನ್ನುವುದು ಸುಲಭ. ಬೇಡ ಅನ್ನಿಸಿಕೊಂಡ ಮೇಲೆ ಅವಳು ಬಂದದ್ದಕ್ಕಿಂತ ಹೆಚ್ಚು ತಲೆ ಎತ್ತಿಕೊಂಡು ವಾಪಸು ಹೋಗಬೇಕು. ಇಡೀ ವಿದ್ಯೆ ಇರುವುದು ಅಲ್ಲಿ. ನನಗೆ ಆ ವಿದ್ಯೆ ಬರುತ್ತದೆ ಅಂತ ನಾನೂ ನಂಬಿದ್ದೆ.

ಯಾಕೆ ಬಿಟ್ಟೆ ಅಂತ ಕೇಳಿದ್ದೀಯ. ಯಾರಿಗೂ ಹೇಳಿಲ್ಲ. ಆದರೆ ಹೇಳದೆ ಇದ್ದರೆ ನಾನು ಮಾಡಿದ್ದನ್ನೇ ನೀನೂ ಮಾಡುತ್ತೀಯ.

1935ರ ಜನವರಿ. ಹೆಕ್ಟರನದೇ ರೇಚಖ್. ಅವನ ಪರವಾಗಿ ಮಾತಾಡಿದವನು ನಾನು. ಮದುಮಗಳು ಇಶ್ಬೆಲಳ ಗೆಳತಿ, ಆದ್ದರಿಂದ ಇಶ್ಬೆಲ್ ಹುಸಿ ಮದುಮಗಳಾಗಿ ಬಂದು ಕೂತಳು. ಆಗ ಅವಳಿಗೆ ಇಪ್ಪತ್ತೊಂಬತ್ತು. ನಾನು ಅವತ್ತು ಕೇಳಿಕೊಂಡು ಹೋದದ್ದು ದೋಣಿ. ಮನೆ ತುಂಬ ಜನ, ನಾನು ಬಾಯಿ ತೆರೆದರೆ ಸಾಕು ನಗುತ್ತಿದ್ದರು, ನನಗೆ ಆ ನಗುವಿನ ಅಮಲು ಏರಿತ್ತು. ತಂಗಿಯನ್ನು ನೋಡಿ ಹೇಳಿದೆ: "ಈ ದೋಣಿ ನನಗೆ ಗೊತ್ತು. ನಮ್ಮ ಮನೇದೇ. ಹತ್ತು ವರ್ಷದಿಂದ ಸಾಗಹಾಕೋಕೆ ನೋಡ್ತಿದೀನಿ, ಬಣ್ಣ ಬಳಿದು ದಡದಲ್ಲಿಟ್ರೂ ಯಾರೂ ತಿರುಗಿ ನೋಡ್ತಿಲ್ಲ."

ಗೋಡೆ ಬಿರಿಯುವ ಹಾಗೆ ನಕ್ಕರು. ಇಶ್ಬೆಲಳೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕಳು. ಅದೊಂದನ್ನು ನನಗೆ ಮರೆಯಲಾಗಿಲ್ಲ. ಬಾಗಿಲ ಹತ್ತಿರ ಒಬ್ಬ ನಿಂತಿದ್ದ. ಅವನು ನಗಲಿಲ್ಲ. ಟೋಪಿ ಹಾಕಿಕೊಂಡು ಹೊರಗೆ ಹೋದ. ವಸಂತ ಬರುವುದರೊಳಗೆ ಕೆನಡಾಕ್ಕೆ ಹೋಗಿದ್ದ. ಅವನ ಹೆಸರು ಬರೆಯುವುದಿಲ್ಲ. ಅವಳು ಒಮ್ಮೆಯೂ ಹೇಳಿಲ್ಲ, ನಾನು ಯಾಕೆ ಬರೆಯಲಿ.

ಅದಾಗಿ ಮೂರು ವರ್ಷಕ್ಕೆ ನಿಮ್ಮಮ್ಮ ಹೋದಳು. ನೀನು ಎರಡು ವರ್ಷದವಳು. ಉಳಿದದ್ದು ನಿನಗೇ ಗೊತ್ತು. ನಿನ್ನ ಜಡೆ ಹಾಕಿದವರು ಯಾರು, ಕಾಲಿಗೆ ಚಳಿಯಾಗದಂತೆ ನೋಡಿಕೊಂಡವರು ಯಾರು ಅಂತ.

ಹಾಗಾಗಿ ಅವಳನ್ನು ಕರೆಯಬೇಡ. ಅವಳಾಗಿ ಬಂದರೆ ತಡೆಯಬೇಡ.

ಇವತ್ತು ಇನ್ನೊಂದು ಕಾಗದ ಬರೆದಿದ್ದೇನೆ. ಅದು ಯಾರಿಗೆ ಅಂತ ನೀನು ಕೇಳಬೇಕಾಗಿಲ್ಲ.

ಕುರಿಗೆ ಸ್ನಾನ ಮಾಡಿಸಿದರೆ ಒಣಗುವುದಕ್ಕೆ ಎರಡು ದಿನ ಬೇಕು. ಬುಧವಾರವೇ ಮಾಡಿಸು.

ನಿನ್ನ ಅಪ್ಪ,
ಫಿನ್ಲೇ

*

ಬಾರಸ್ಟಾ
27 ಜನವರಿ 1955

ಬ್ರಾಡನಿಶ್ ಊರಿನ ಮಹಾವಾಗ್ಮಿಗಳೂ, ಮೂವತ್ತು ವರ್ಷದಲ್ಲಿ ಇಪ್ಪತ್ತೆರಡು ಕುರಿಮರಿಗಳನ್ನು ಬಾಯಿಮಾತಿನಲ್ಲೇ ಹೊಡೆದುಕೊಂಡು ಹೋದವರೂ ಆದ ಹೆಕ್ಟರ್ ಮಾವ ಅವರಿಗೆ,

ಬಾರಸ್ಟಾ ಒಂಬತ್ತನೇ ನಂಬರ್ ಮನೆಯ ಅಧಿಕೃತ ವಕ್ತಾರಳಾದ ಎಫಿ ಮೆಕೈವರ್ ಕೊಡುವ ನೋಟಿಸು.

ತಾವು "ಹುಡುಗಿ ಎದುರು ನಿಂತು ಮಾತಾಡೋಕೆ ನಾನೇನು ಶಾಲೆ ಮೇಷ್ಟ್ರಾ?" ಅಂತ ಅಂಗಡಿಯಲ್ಲಿ ಅಪ್ಪಣೆ ಕೊಡಿಸಿದ್ದು ನಮ್ಮ ಕಿವಿಗೆ ಬಿದ್ದಿದೆ. ಅಂಗಡಿಯಲ್ಲಿ ನಾನು ಹಿಟ್ಟಿನ ಮೂಟೆ ಹಿಂದೆಯೇ ಇದ್ದೆ. ತಾವು ಬರದಿದ್ದರೆ, ಹೆದರಿ ಬರಲಿಲ್ಲ ಅಂತ ನಾನು ಎರಡೂ ಊರಿಗೆ ಹೇಳಬೇಕಾಗುತ್ತದೆ. ಬಂದರೆ, ತಮ್ಮ ಬೆನ್ನುನೋವಿಗೆ ದಿಂಬು ಸಹಿತ ಕುರ್ಚಿ ಸಿದ್ಧವಿದೆ.

ಷರತ್ತುಗಳು. ಅಡುಗೆಯ ಬಗ್ಗೆ ಟೀಕೆ ಇಲ್ಲ. ಪಾದ್ರಿಗಳ ಪ್ಯಾಂಟಿನ ಪ್ರಸ್ತಾಪ ಇಲ್ಲ. ನನ್ನ ಬಗ್ಗೆ, ಮುರ್ಡೀನಾ ಬಗ್ಗೆ, ನಾಯಿಯ ಬಗ್ಗೆ ಏನು ಬೇಕಾದರೂ ಅನ್ನಿ.

ಇಶ್ಬೆಲ್ ಅತ್ತೆಯ ಸುದ್ದಿ ಮಾತ್ರ ಎತ್ತಬೇಡಿ. ಇದನ್ನು ತಮಾಷೆಗೆ ಬರೆದಿಲ್ಲ ಮಾವ.

ಎಫಿ

*

ಬ್ರಾಡನಿಶ್
29 ಜನವರಿ 1955

ಎಫಿ,

ಬರ್ತೀನಿ. ದಿಂಬು ಬೇಡ. ನಿಮ್ಮ ಮನೆ ದಿಂಬಲ್ಲಿ ಹೋದ ಸಲ ಪಿನ್ನು ಇತ್ತು, ಇಟ್ಟೋರು ಯಾರು ಅಂತ ನನಗೂ ಗೊತ್ತು, ನಿನಗೂ ಗೊತ್ತು.

ಮೊದಲಿನ ಷರತ್ತುಗಳಿಗೆಲ್ಲ ಒಪ್ಪಿಗೆ. ಕೊನೇದಕ್ಕೆ ನಾನು ಸಹಿ ಹಾಕಲ್ಲ. ಯಾಕೆ ಅಂತ ಕೇಳಬೇಡ.

ಕುರಿ ತೊಳೆಯೋಕೆ ಹೊರಟಿದೀಯಂತೆ. ಊರಿಗೆಲ್ಲ ಗೊತ್ತು. ಪಾಪ, ಕುರಿಗೆ ಶೀತ ಆದೀತು.

ಹೆಕ್ಟರ್

*

ಬಾರಸ್ಟಾ
14 ಫೆಬ್ರವರಿ 1955

ಅಪ್ಪ,

ಸನ್ನಿಧಾನ, ವಿಜ್ಞಾಪನೆ ಎಲ್ಲ ಇವತ್ತಿಲ್ಲ. ಶನಿವಾರವೇ ಬರೆಯಬೇಕಿತ್ತು, ಎರವಲು ತಂದ ಬೆಂಚುಗಳನ್ನು ವಾಪಸು ಹೊತ್ತು ಹಾಕುವುದರಲ್ಲೇ ದಿನ ಮುಗಿಯಿತು. ನಿನ್ನೆ ಭಾನುವಾರ, ಪೆನ್ನು ಮುಟ್ಟಿದರೆ ಅತ್ತೆ ಬೆರಳು ಮುರಿಯುತ್ತಿದ್ದರು. ಇವತ್ತು ಬೆಳಗಾಗುತ್ತಲೇ ಕೂತಿದ್ದೇನೆ.

ನಿನ್ನ ಕಾಗದ ಜನವರಿ ಇಪ್ಪತ್ತೈದಕ್ಕೆ ಬಂತು. ಮೂರು ಸಲ ಓದಿದೆ. ಅತ್ತೆ ಪಕ್ಕದಲ್ಲೇ ಕೂತು ಕಾಲುಚೀಲ ಹೆಣೆಯುತ್ತಿದ್ದರು. "ಏನಂತೆ ನಿಮ್ಮಪ್ಪಂದು?" ಅಂದರು. ಕುರಿ ಒಣಗೋಕೆ ಎರಡು ದಿನ ಬೇಕಂತೆ ಅಂದೆ. "ಸದ್ಯ, ಅಷ್ಟಾದ್ರೂ ತಿಳೀತಲ್ಲ" ಅಂದರು. ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದೆ. ಹೆಕ್ಟರ್ ಮಾವನಿಗೂ ಎಚ್ಚರಿಕೆ ಬರೆದೆ. ಅವರು ಆ ಒಂದಕ್ಕೆ ಮಾತ್ರ ಸಹಿ ಹಾಕಲ್ಲ ಅಂದರು. ಅವತ್ತಿನಿಂದ ಶುಕ್ರವಾರದವರೆಗೂ ನನಗೆ ಊಟ ರುಚಿಸಲಿಲ್ಲ. ಇದನ್ನು ಮುರ್ಡೀನಾ ದಿನಚರಿಯಲ್ಲಿ ವಿಶೇಷ ಘಟನೆ ಅಂತ ಬರೆದಿಟ್ಟಿದ್ದಾಳೆ.

ಶುಕ್ರವಾರ ನಾಲ್ಕು ಗಂಟೆಗೇ ಮನೆ ತುಂಬಿತು. ಮಂಚದ ಮೇಲೆ ಏಳು ಜನ, ಬೀರು ಪಕ್ಕ ಬ್ರಾಡನಿಶ್‌ನವರು, ಕಿಟಕಿ ಹೊರಗೆ ಮೂಕರ ಮನೆಯವರು ಮೂಗು ಒತ್ತಿಕೊಂಡು. ನಾನು ನಿನ್ನ ಕುರ್ಚಿಯ ಪಕ್ಕ ನಿಂತಿದ್ದೆ. ಕೂರಲಿಲ್ಲ. ಅದು ನಿನ್ನದು. ಅತ್ತೆ ಒಲೆ ಹತ್ತಿರ ಕೆಟಲ್ ಹಿಡಿದಿದ್ದರು.

ಬಾಗಿಲು ತಟ್ಟಿದರು. ಹೆಕ್ಟರ್ ಮಾವ ಒಳಗೆ ಬಂದರು, ಕೋಟಿನ ಮೇಲೆ ಹಿಮ, ಹಿಂದೆ ಟೊರ್ಮೋಡ್ ಕಿವಿ ಕೆಂಪಗೆ ಮಾಡಿಕೊಂಡು.

"ಈ ಮನೆಯವರಿಗೆ ಒಳ್ಳೇದಾಗ್ಲಿ. ನಮ್ಮ ಹುಡುಗನಿಗೆ ಒಂದು ದೋಣಿ ಬೇಕಿತ್ತು."

ದೋಣಿ.

ಅಪ್ಪ, ನನ್ನ ಹನ್ನೊಂದು ಪುಟವೂ ಕುರಿ. ಮೂವತ್ತು ವರ್ಷ ಕುರಿಮರಿ ಬಿಟ್ಟು ಬೇರೇನೂ ಕೇಳದ ಮನುಷ್ಯ ಬಂದು ದೋಣಿ ಕೇಳುತ್ತಿದ್ದಾನೆ. ಮಂಚದ ಮೇಲಿನವರು ಮುಖ ಮುಖ ನೋಡಿಕೊಂಡರು. ಅತ್ತೆಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಕೆಟಲ್ ಮುಚ್ಚಳ ಅಲುಗಿದ ಸದ್ದು ಮಾತ್ರ ಕೇಳಿಸಿತು.

ಅದೇ ಹೊತ್ತಿಗೆ, ನಾನು ಹೇಳಿಕೊಟ್ಟಿದ್ದ ಪ್ರಕಾರ, ಮುರ್ಡೀನಾ ಹಿಂದಿನ ಬಾಗಿಲು ತೆರೆದಳು. ನೀಲಿ ರಿಬ್ಬನ್ ಕಟ್ಟಿಕೊಂಡ ಕುರಿ ಗಂಭೀರವಾಗಿ ನಡೆದು ಬಂದು ಕೋಣೆಯ ನಡುವೆ ನಿಂತಿತು.

ಹೆಕ್ಟರ್ ಮಾವ ಕುರಿಯ ಸುತ್ತ ಒಂದು ಸುತ್ತು ಬಂದರು. "ಇದಕ್ಕೆ ಹಾಯಿ ಎಲ್ಲಿ ಕಟ್ಟೋದು?"

ಅಲ್ಲಿಗೆ ನಾನು ಸತ್ತೆ ಅಂದುಕೊಂಡೆ. ಆಮೇಲೆ ನನ್ನ ಬಾಯಿ ನನ್ನನ್ನು ಕೇಳದೆಯೇ ಹೊರಟಿತು. "ಅದು ದೋಣಿ ಅಲ್ಲ ಮಾವ. ದೋಣಿಗೆ ಹಾಯಿ ಬೇಕು, ಹಾಯಿಗೆ ನೂಲು ಬೇಕು, ನೂಲಿಗೆ ಉಣ್ಣೆ ಬೇಕು. ನಿಮ್ಮೂರಲ್ಲಿ ಒಂದು ತುದಿಯಿಂದ ಶುರು ಮಾಡಿ ಮಧ್ಯದಲ್ಲಿ ಬಿಡ್ತೀರಂತೆ. ನಮ್ಮಲ್ಲಿ ಬುಡದಿಂದ ತೋರಿಸ್ತೀವಿ."

ಮಂಚದ ಒಂದು ಕಾಲು ಮುರಿಯಿತು, ಅಷ್ಟು ನಕ್ಕರು. ರಿಪೇರಿ ನಿನಗೆ ಕಾದಿದೆ.

ಮೊದಲು ಕಿರ್ಸ್ಟಿ ಅಜ್ಜಿಯನ್ನು ಕರೆದೆ. ಅಜ್ಜಿಗೆ ಎಪ್ಪತ್ತೆಂಟು, ಇದು ನಲವತ್ತೆರಡನೇ ರೇಚಖ್, ಎಲ್ಲದರಲ್ಲೂ ಬೇಡ ಅನ್ನಿಸಿಕೊಂಡ ಹೆಮ್ಮೆ ಅವರದು. ಟೊರ್ಮೋಡ್‌ನ ಮೊಣಕಾಲು ತಟ್ಟಿ ಕೂತರು. ಹೆಕ್ಟರ್ ಮಾವ, "ಈ ದೋಣಿಯಲ್ಲಿ ಹೆರ್ರಿಂಗ್ ಮೀನು ತಾನಾಗೇ ಹತ್ತುತ್ತಿತ್ತು ಅಂತ ನಮ್ಮಪ್ಪ ಹೇಳ್ತಿದ್ರು. ನಮ್ಮ ಹುಡುಗ ಬಲೆ ಬೀಸೋದು ಕಲೀಲಿ ಅಂತ ಆಸೆ, ಇದನ್ನ ಕೊಟ್ರೆ ಸೋಮಾರಿ ಆಗ್ತಾನೆ" ಅಂದರು. ಅಜ್ಜಿ, "ಹೌದಪ್ಪ, ನಿಮ್ಮಪ್ಪನೂ ಒಂದ್ಸಲ ಹತ್ತೋಕೆ ನೋಡಿದ್ದ, ನಾನೇ ಇಳಿಸ್ದೆ" ಅಂದು ಎದ್ದರು. ತಲೆ ಎತ್ತಿಕೊಂಡು ಹೋದರು ಅಪ್ಪ. ನೀನು ಹೇಳಿದ ವಿದ್ಯೆ ಏನು ಅಂತ ನನಗೆ ಆಗ ಕಣ್ಣಿಗೆ ಕಾಣಿಸಿತು.

ಎರಡನೆಯವರು ಹೊಸ ನರ್ಸಮ್ಮ, ಗ್ಲಾಸ್ಗೋದವರು. ಎಲ್ಲ ಹೇಳಿಕೊಟ್ಟಿದ್ದೆ. ಆದರೂ ಹೆಕ್ಟರ್ ಮಾವ "ಈ ದೋಣಿ ದೊಡ್ಡ ಬಂದರಿಂದ ಬಂದದ್ದು, ನಮ್ಮ ಸಣ್ಣ ಕೊಲ್ಲಿಯಲ್ಲಿ ತಿರುಗಿಸೋಕೆ ಜಾಗ ಸಾಲದು" ಅಂದಾಗ ಮುಖ ಸಣ್ಣದು ಮಾಡಿಕೊಂಡು, "ನಾನು ಇಲ್ಲೇ ಇರೋಣ ಅಂತಲೇ ಬಂದದ್ದು" ಅಂದರು. ಎರಡೂ ಊರಿನವರು ಕೈ ತಟ್ಟಿದರು. ಅವರಿಗೆ ಈಗ ಮೂರು ಮನೆಯಿಂದ ಮೊಟ್ಟೆ ಬರುತ್ತಿದೆ.

ಮೂರನೆಯವಳಾಗಿ ನನ್ನನ್ನೇ ಕೂರಿಸಿಕೊಂಡೆ. "ಹೊಸ ದೋಣಿ, ಎಲ್ಲೂ ತೂತಿಲ್ಲ" ಅಂದೆ. "ಮೂಗಿನ ಕೆಳಗೊಂದಿದೆ" ಅಂದರು ಮಾವ. "ಮಂಜು ಬಿದ್ದ ದಿನ ಕೂಗು ಹಾಕೋಕೆ ಇದಕ್ಕಿಂತ ಒಳ್ಳೇದಿಲ್ಲ. ಆದ್ರೆ ನಮ್ಮ ಹುಡುಗನಿಗೆ ಮಂಜಿಲ್ಲದ ದಿನಾನೂ ಬದುಕಬೇಕಲ್ಲ."

ಇನ್ನು ಮುರ್ಡೀನಾಳನ್ನು ಕರೆಯುವುದೊಂದೇ ಬಾಕಿ. ಬಾಯಿ ತೆರೆದೆ. ಹೆಕ್ಟರ್ ಮಾವ ಕೈ ಎತ್ತಿದರು.

"ಇರು. ಈ ದಡದಲ್ಲಿ ಇನ್ನೊಂದು ದೋಣಿ ಇರಬೇಕಲ್ಲ."

ಕೋಣೆಯಲ್ಲಿ ನಗು ನಿಂತಿತು. ಗೊತ್ತಿದ್ದವರಿಗೆಲ್ಲ ಗೊತ್ತಿತ್ತು ಅಪ್ಪ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ವಿಷಯ ಅಂತ ನನಗೆ ಆಗ ತಿಳಿಯಿತು. ನನಗೆ ಸಿಟ್ಟು ಬಂತು. ನೋಟಿಸು ಕೊಟ್ಟಿದ್ದೆ, ಬೇಡಿಕೊಂಡಿದ್ದೆ, ಆದರೂ ಕೇಳಿದರು. ಇಲ್ಲ ಅಂದುಬಿಡಬೇಕು ಅಂದುಕೊಂಡೆ. ಇಲ್ಲ ಅಂದರೆ ಅತ್ತೆಯನ್ನು ಲೆಕ್ಕಕ್ಕೇ ಇಲ್ಲ ಅಂದ ಹಾಗೆ. ಇದೆ ಅಂದರೆ ಕರೆದ ಹಾಗೆ.

ಹೇಳಿದೆ: "ಇದೆ. ಆದ್ರೆ ಅದನ್ನ ತೋರಿಸೋ ಅಧಿಕಾರ ನನಗಿಲ್ಲ. ಉಳಿದ ದೋಣಿಗಳು ಈ ಮನೆಯವು. ಈ ಮನೆ ಆ ದೋಣಿಯದು. ಯಾರು ಕರೆದ್ರೂ ಬರಲ್ಲ, ಯಾರು ತಡೆದ್ರೂ ನಿಲ್ಲಲ್ಲ. ಅದಕ್ಕೆ ಮನಸ್ಸು ಬಂದ್ರೆ ಬರುತ್ತೆ. ಬರದಿದ್ರೆ ಮಾವ, ನೀವು ಟೀ ಕುಡಿದು ಮುಂದಿನ ಮಾತು ಆಡಿ."

ಕುರಿ ಒಂದು ಸಲ ಕೆಮ್ಮಿತು.

ಅತ್ತೆ ಕೆಟಲ್ ಕೆಳಗಿಟ್ಟರು. ಏಪ್ರನ್ ಬಿಚ್ಚಿದರು. ಅದನ್ನು ನಾಲ್ಕು ಮಡಿಕೆ ಮಡಿಚಿ ನನ್ನ ಕೈಗೆ ಕೊಟ್ಟರು. ಬಂದು ಸ್ಟೂಲಿನ ಮೇಲೆ ಕೂತರು, ಬೆನ್ನು ನೆಟ್ಟಗೆ, ಚರ್ಚಿನಲ್ಲಿ ಕೂರುವ ಹಾಗೆ.

ಹೆಕ್ಟರ್ ಮಾವ ಟೋಪಿ ತೆಗೆದರು. ಉಳಿದ ಯಾವ ದೋಣಿಗೂ ತೆಗೆದಿರಲಿಲ್ಲ. ಬಲಗೈ ಕೋಟಿನ ಜೇಬಿನ ಮೇಲೆ ಒತ್ತಿ ಹಿಡಿದುಕೊಂಡು, ಭಾನುವಾರದ ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನ ಹಾಗೆ, ಗೋಡೆ ನೋಡುತ್ತ ಹೇಳಿದರು:

"ಈ ದೋಣಿ ನನಗೆ ಗೊತ್ತು. ಗಾಳಿ ಎದ್ದ ದಿನ ಮಿಕ್ಕ ದೋಣಿಗಳೆಲ್ಲ ದಡದಲ್ಲಿ ಮಕಾಡೆ ಮಲಗಿದ್ವು. ಇದೊಂದೇ ಹೊರಟದ್ದು. ಯಾರೂ ತಳ್ಳಲಿಲ್ಲ, ಯಾರೂ ಹರಸಲಿಲ್ಲ. ಎರಡು ಮಕ್ಕಳನ್ನ ಒದ್ದೆ ಆಗದ ಹಾಗೆ ಆಚೆ ದಡ ಸೇರಿಸ್ತು. ಒಂದು ಕಾಲದಲ್ಲಿ ಇದನ್ನ ನೋಡಿ ನಕ್ಕವನ ಮನೆ ಇವತ್ತು ನಿಂತಿರೋದು ಇದರ ಹಲಗೆ ಮೇಲೆ. ಆ ನಕ್ಕವನು ಮೂರ್ಖ, ಅದು ಅವನಿಗೂ ಗೊತ್ತು, ಅವತ್ತೇ ಗೊತ್ತಿತ್ತು. ನನ್ನ ಹುಡುಗನಿಗೆ ಈ ದೋಣಿ ಬೇಡ. ಇದಕ್ಕೆ ಕೊರತೆ ಇದೆ ಅಂತಲ್ಲ. ಇದನ್ನ ಕೇಳೋ ಯೋಗ್ಯತೆ ನಾವು ತಂದಿಲ್ಲ."

ಮಂಚದ ಮೇಲಿದ್ದ ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಕಿಟಕಿ ಹೊರಗಿನವರೂ ತೆಗೆದರು, ಹಿಮ ಬೀಳುತ್ತಿತ್ತು.

ಅತ್ತೆ ಎದ್ದರು. "ಆಯ್ತು. ಎಫಿ, ಮುಂದಿಂದನ್ನ ಕರಿ, ಟೀ ಆರುತ್ತೆ" ಅಂದರು.

ಮುರ್ಡೀನಾ ಬಂದಳು. ಹೆಕ್ಟರ್ ಮಾವ "ಇದೇ" ಅಂದರು. ಟೊರ್ಮೋಡ್ ಅವತ್ತು ಮೊದಲ ಬಾರಿಗೆ ಬಾಯಿ ತೆರೆದು, "ಹೌದು, ಇದೇ" ಅಂದ. ಆಲೂಗಡ್ಡೆಯ ಮಾತು ಬರಲಿಲ್ಲ.

ಹೊರಡುವಾಗ ಹೆಕ್ಟರ್ ಮಾವ ಎಲ್ಲರ ಎದುರು ನನ್ನ ಕೈ ಕುಲುಕಿದರು. "ಫಿನ್ಲೇ ಇಲ್ಲದ ಮನೆ ಅಂದಿದ್ದೆ. ಆ ಮಾತು ವಾಪಸು ತಗೊಂಡೆ" ಅಂದರು. ಆ ಕೈಯನ್ನು ಇನ್ನೂ ತೊಳೆದಿಲ್ಲ. ಮುರ್ಡೀನಾ ಅಸಹ್ಯ ಅನ್ನುತ್ತಾಳೆ. ನೀನು ಬಂದ ಮೇಲೆ ಊರಲ್ಲಿ ಯಾರನ್ನಾದರೂ ಕೇಳು, ಒಂಬತ್ತನೇ ನಂಬರ್ ಮನೆ ಯಾವುದು ಅಂತ. ದೋಣಿಯವರ ಮನೆ ಅನ್ನುತ್ತಾರೆ. ಬೆಕ್ಕು ಸಾಕಬೇಕು ಅಂತ ಯೋಚನೆ ಮಾಡಿದ್ದೇನೆ.

ನೀನು ಇನ್ನೊಂದು ಕಾಗದ ಯಾರಿಗೆ ಬರೆದೆ ಅಂತ ಕೇಳಬೇಡ ಅಂದಿದ್ದೀಯ. ಕೇಳುವುದಿಲ್ಲ.

ನಿನ್ನ ಮಗಳು ಅಂತ ಹೇಳಿಕೊಳ್ಳುವುದಕ್ಕೆ ಇವತ್ತು ವಿಶೇಷ ಸಂತೋಷವಿರುವ,
ಎಫಿ

*

ಬಾರಸ್ಟಾ
14 ಫೆಬ್ರವರಿ 1955

ಅಣ್ಣ,

ಎಫಿಯ ಲಕೋಟೆ ದಪ್ಪಗಿದೆ, ಅದರಲ್ಲಿ ಎಲ್ಲ ಇರುತ್ತದೆ. ಅರ್ಧ ಕಡಿಮೆ ಮಾಡಿ ಓದು. ಮಂಚದ ಕಾಲು ಮುರಿದದ್ದು ಮಾತ್ರ ನಿಜ.

ಅವಳು ಚೆನ್ನಾಗಿ ಮಾತಾಡಿದಳು. ನನ್ನ ಕೈಯಲ್ಲಿ ಬೆಳೆದ ಹುಡುಗಿ ಅಂತ ನಾನು ಹೇಳುತ್ತಿಲ್ಲ. ಎರಡೂ ಊರಿನವರು ಹೇಳುತ್ತಿದ್ದಾರೆ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೇನೆ.

ಹೆಕ್ಟರನಿಗೆ ದೋಣಿ ಅಂದರೆ ಆಗುವುದಿಲ್ಲ. ಕಟ್ಟೆಗೆ ಕಟ್ಟಿದ ದೋಣಿಯಲ್ಲೂ ವಾಂತಿ ಮಾಡುತ್ತಾನೆ. ಅವನು ಬಾಗಿಲಲ್ಲಿ ನಿಂತು ಆ ಮಾತು ತೆಗೆದಾಗಲೇ ಅದು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಎಂಟು ಸಾವಿರ ಮೈಲಿ ದೂರದಿಂದ ಬಂದ ಮಾತು, ಕೂತು ಕೇಳದಿದ್ದರೆ ಹೇಗೆ ಅಂತ ಕೂತೆ. ಎಫಿ ಬಾಗಿಲು ತೆರೆದಿಟ್ಟಳು, ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ.

ಅವನ ಕೋಟು ಒದ್ದೆಯಾಗಿತ್ತು, ಒಣಗಲಿ ಅಂತ ಒಲೆ ಹತ್ತಿರ ಹಾಕಿದೆ. ಜೇಬಿನಿಂದ ನಿನ್ನ ಕಾಗದ ಜಾರಿತು. ತಿಮಿಂಗಿಲದ ನಾತ ಬೇರೆ. ನಾನು ಪರರ ಕಾಗದ ಓದುವವಳಲ್ಲ. ಕೊನೇ ಸಾಲು ಕಣ್ಣಿಗೆ ಬಿತ್ತು, ಅಷ್ಟೆ. ಅದನ್ನು ಅವನು ಜೋರಾಗಿ ಹೇಳಿರಲಿಲ್ಲ, ಅದು ಅವನಿಗೆ ಮಾತ್ರ ಬರೆದದ್ದು.

"ಅವಳು ನಗಲು ಶುರು ಮಾಡಿದರೆ ನಿನ್ನ ಮಾತು ಅಲ್ಲಿಗೇ ನಿಲ್ಲಿಸಿಬಿಡು, ಆ ನಗು ಏನು ಅಂತ ನನಗೆ ಗೊತ್ತು."

ಇಪ್ಪತ್ತು ವರ್ಷ ನಿನಗೆ ಗೊತ್ತಿಲ್ಲ ಅಂದುಕೊಂಡಿದ್ದೆ ಅಣ್ಣ.

ಕಾಗದವನ್ನು ಮಡಿಚಿ ಜೇಬಿನಲ್ಲೇ ಇಟ್ಟೆ. ಏನೂ ಗೊತ್ತಿಲ್ಲದವಳ ಹಾಗೆ ಅವನಿಗೆ ಕೋಟು ತೊಡಿಸಿ ಕಳಿಸಿದೆ.

ಮದುವೆಗೆ ನಲವತ್ತು ಕೋಳಿ ಬೇಕು, ಇಪ್ಪತ್ತಾರು ಇವೆ, ಉಳಿದವಕ್ಕೆ ಮರಿ ಮಾಡಿಸುತ್ತಿದ್ದೇನೆ. ಊಟಕ್ಕೆ ಮೊದಲು ಮನೆಯ ಹಿರಿಯ ಎದ್ದು ನಿಂತು ಮಾತಾಡಬೇಕು. ಅದನ್ನು ಎಫಿಗೆ ಬಿಡುವುದಿಲ್ಲ, ಅವಳಿಗೆ ಬಿಟ್ಟರೆ ಊಟ ಆರಿಹೋಗುತ್ತದೆ. ನೀನೇ ಮಾತಾಡಬೇಕು. ನಾನು ಮುಂದಿನ ಬೆಂಚಿನಲ್ಲೇ ಕೂರುತ್ತೇನೆ. ನಿನಗೆ ಬಂದ ತಮಾಷೆ ಎಲ್ಲ ಮಾಡು, ನನ್ನ ಬಗ್ಗೆಯೂ ಮಾಡು. ನಗಬೇಕು ಅನ್ನಿಸಿದರೆ ನಗುತ್ತೇನೆ.

ಶುಕ್ರವಾರ ನಾನು ನಗಲಿಲ್ಲ. ಹೆಕ್ಟರ್ ಪೂರ್ತಿ ಹೇಳಿ ಮುಗಿಸಿದ.

ನಿನ್ನ ತಂಗಿ,
ಇಶ್ಬೆಲ್